ಅಗಸೆ ಲೋಳೆಯ ಬೆಳಗು

ಅಕ್ಕಾ,

ಓದಲು ನೀನಿಲ್ಲ, ಆದರೂ ಖರ್ಚು ಮೊದಲು ಹೇಳಿಬಿಡುತ್ತೇನೆ: ಒಂದು ಗಾಜಿನ ಬೋಗುಣಿ, ಒಂದು ಕುರ್ಚಿ, ನಿನ್ನ ಅಳಿಯನ ಎರಡು ಹಲ್ಲು.

ಬೆಳಿಗ್ಗೆ ನಿನ್ನ ಮಗಳನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡು ಕಂಡೀಷನರ್ ಮಾಡಿದೆ. ಅಗಸೆ ಬೀಜ ಕುದಿಸಿ, ಬಟ್ಟೆಯಲ್ಲಿ ಹಿಂಡಿ, ಗಾಜಿನ ಬೋಗುಣಿಯಲ್ಲಿ ಆ ಲೋಳೆಗೆ ಕೊಬ್ಬರಿ ಎಣ್ಣೆ ಬೆರೆಸಿದೆ. ಮಾರುವ ಸೀಸೆಗೆ ತುಂಬುವಾಗ ನನ್ನ ಕೈ ಬಿಗಿ, ಗೊತ್ತಲ್ಲ. ಅವಳ ತಲೆಗೆ ಮಾತ್ರ ಧಾರಾಳವಾಗಿ ಮೆತ್ತಿದೆ.

ಅಷ್ಟರಲ್ಲಿ ಅವಳ ಗಂಡ ಬಾಗಿಲು ಒದ್ದು ಬಂದ. "ಓಡಿಬಂದು ಇಲ್ಲಿ ಶೃಂಗಾರ ಮಾಡ್ಕೋತಿದೀಯಾ? ನಡಿಯೇ ಮನೆಗೆ!" ಎಂದು ಅವಳ ಕೆನ್ನೆಗೆ ಬಾರಿಸಿದ. ಕೂದಲನ್ನು ಮುಷ್ಟಿಗೆ ಸುತ್ತಿ ಜೋರಾಗಿ ಎಳೆದ. ಕೂದಲು ಮೀನಿನ ಹಾಗೆ ಜಾರಿತು. ಎಳೆದ ರಭಸಕ್ಕೆ ಅವನೇ ಬೋಗುಣಿಯ ಸಮೇತ ಅಂಗಾತ ಬಿದ್ದ. ಏಳುವ ಮೊದಲೇ ನಾನು ಕುರ್ಚಿ ಎತ್ತಿ ಬಾಯಿಗೆ ಬೀಸಿದೆ. ಮತ್ತೆ ಬೀಸಿದೆ.

"ಚಿಕ್ಕಮ್ಮಾ, ಸಾಕು, ಸತ್ತೋಗ್ತಾನೆ!"

"ಸಾಯಲ್ಲ ಸುಮ್ನಿರೇ, ಇಂಥವ್ರ ಆಯಸ್ಸು ಗಟ್ಟಿ."

ನಿನ್ನ ಗಂಡ ಇದೇ ಅಡುಗೆಮನೆಯಿಂದ ನಿನ್ನನ್ನು ಕಡೆಯ ಸಲ ಜಡೆ ಹಿಡಿದು ಎಳೆದೊಯ್ದಾಗಲೂ ಆ ಕುರ್ಚಿ ಇಲ್ಲೇ ಇತ್ತು. ನಾನೂ ಇಲ್ಲೇ ಇದ್ದೆ.

ಈಗ ನಿನ್ನ ಅಳಿಯನಿಗೆ ಆಸ್ಪತ್ರೆಯ ಹಾಸಿಗೆ ಸಿಕ್ಕಿದೆ. ಅವಳಿಗೆ ನನ್ನ ಒಳಕೋಣೆ, ಒಳಗಿನಿಂದ ಹಾಕುವ ಚಿಲಕದ ಸಮೇತ. ನನಗೆ ನಾಳೆಯಿಂದ ಪೊಲೀಸ್ ಠಾಣೆಯ ಬೆಂಚು. ನಿನಗೆ ಏನೂ ಇಲ್ಲ.