ಹನ್ನೊಂದು ವರ್ಷ ಕಲಿಸಿದ ತಪ್ಪು ಸೂತ್ರ

ಕಾರವಾರ, ೨೧೮೭ನೆಯ ಇಸವಿ, ಹದಿಮೂರನೆಯ ತಿಂಗಳಾದ ನಡುಮಳೆಯ ಒಂಬತ್ತನೆಯ ದಿನ

ನಮಗಿಂತ ಒಂದೂವರೆ ಶತಮಾನ ಹಿಂದೆ, ನಿಮ್ಮ ಕಾಲದಲ್ಲಿ ಪಾಠ ಹೇಳುತ್ತಿರುವ ಎಲ್ಲ ಅಧ್ಯಾಪಕರಿಗೆ ಶಾಲ್ಮಲಿ ಹರಿಕಂತ್ರ ಮಾಡುವ ನಮಸ್ಕಾರಗಳು.

ನನ್ನ ಕನ್ನಡ ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸೀತು, ಕ್ಷಮಿಸಿ. ಮಳೆ ಉದ್ದವಾದ ಮೇಲೆ ತಿಂಗಳುಗಳನ್ನೇ ಬದಲಿಸಿಕೊಂಡ ಜನ ನಾವು. ಮಾತು ಬದಲಾಗದೆ ಉಳಿದೀತೇ? ನಾಳೆ ನಾನು ವಿಶ್ವವಿದ್ಯಾಲಯದಿಂದ ನಿವೃತ್ತಳಾಗುತ್ತೇನೆ. ಮೂವತ್ನಾಲ್ಕು ವರ್ಷ ಬೇರುಗೋಡೆಯ ಪಾಠ ಹೇಳಿದ್ದೇನೆ. ಸಮುದ್ರ ಊರೊಳಗೆ ಬಾರದಂತೆ ಕಲ್ಲು ಕಟ್ಟಿ, ಅದರ ಸಂದುಗಳಲ್ಲಿ ಉಪ್ಪುನೀರಿನಲ್ಲೂ ಬೇರೂರುವ ಕಾಂಡ್ಲಾ ಗಿಡ ಬೆಳೆಸುತ್ತೇವೆ. ಬೇರುಗಳೇ ಕಲ್ಲನ್ನು ಹಿಡಿದುಕೊಳ್ಳುತ್ತವೆ. ನಮ್ಮ ಕರಾವಳಿಯ ಊರುಗಳೆಲ್ಲ ಇಂಥ ಗೋಡೆಗಳ ಹಿಂದೆಯೇ ಅಡುಗೆ ಮಾಡಿ, ಬಟ್ಟೆ ಒಣಗಿಸಿ, ಮಕ್ಕಳನ್ನು ಶಾಲೆಗೆ ಕಳಿಸುತ್ತವೆ.

ಗೋಡೆಯ ಬುಡ ಮರಳಿನೊಳಗೆ ಎಷ್ಟು ಆಳ ಇಳಿಯಬೇಕೆಂದು ಹೇಳುವ ಸೂತ್ರವೊಂದಿತ್ತು. ಅದು ನಿಮ್ಮ ಕಾಲದ ಒಂದು ಕೈಪಿಡಿಯಿಂದ ಬಂದದ್ದು. ನನ್ನ ಗುರುಗಳು ನನಗೆ ಹೇಳಿದರು, ನಾನು ನನ್ನ ವಿದ್ಯಾರ್ಥಿಗಳಿಗೆ ಹೇಳಿದೆ. ನಮ್ಮಲ್ಲಿ ಉತ್ತರಿ ಎಂಬ ಯಂತ್ರವಿದೆ, ಏನು ಕೇಳಿದರೂ ಉತ್ತರ ಕೊಡುತ್ತದೆ. ಅದೂ ಅದೇ ಕೈಪಿಡಿಯನ್ನು ಓದಿ ಬೆಳೆದದ್ದು, ಹಾಗಾಗಿ ಸೂತ್ರ ಸರಿಯೆಂದೇ ಹೇಳುತ್ತಿತ್ತು. ಆಗ ನನ್ನ ನಂಬಿಕೆ ಒಂದೇ: ಮೇಷ್ಟ್ರು ತರಗತಿಯಲ್ಲಿ ತಡವರಿಸಬಾರದು.

ನಾನು ಪಾಠ ಹೇಳಲು ಶುರುಮಾಡಿದ ಹನ್ನೊಂದನೆಯ ವರ್ಷ, ಮಳೆಗೆ ಇನ್ನು ಐದು ವಾರವಿದ್ದಾಗ, ಸಿದ್ದವ್ವ ಮಡಿವಾಳರ ಎಂಬ ವಿದ್ಯಾರ್ಥಿನಿ ಎದ್ದು ನಿಂತಳು. ರಾಯಚೂರು ಕಡೆಯವಳು, ಅವಳ ಮನೆಯವರು ಹೊಳೆಯ ಉಸುಕಿನಲ್ಲಿ ಒರತೆ ತೋಡುವವರು.

“ಮೇಡಮ್ರೀ, ಈ ಲೆಕ್ಕ ನನಗ ಸರಿ ಕಾಣವಲ್ದು. ಹಸಿ ಉಸುಕು ಹಿಂಗ ನಿಂದ್ರಂಗಿಲ್ರೀ, ಜಾರ್ತದ.”

“ಹನ್ನೊಂದು ವರ್ಷದಿಂದ ಇದನ್ನೇ ಹೇಳ್ತಾ ಬಂದಿದ್ದೇನೆ. ಕೂತ್ಕೋ,” ಎಂದೆ.

ಕೂತಳು. ಇಡೀ ತರಗತಿ ತಲೆ ತಗ್ಗಿಸಿ ಬರೆದುಕೊಂಡಿತು. ಆದರೆ ಅವಳ ಮಾತು ನನ್ನನ್ನು ಬಿಡಲಿಲ್ಲ. ಸಂಜೆ ದಂಡೆಯಿಂದ ಎರಡು ಡಬ್ಬಿ ಮರಳು ತಂದು, ಒಂದನ್ನು ಒಣಗಿಸಿ, ಇನ್ನೊಂದಕ್ಕೆ ನೀರು ತುಂಬಿಸಿ, ಸೂತ್ರ ಹೇಳಿದಷ್ಟೇ ಆಳಕ್ಕೆ ಎರಡರಲ್ಲೂ ಹಲಗೆ ನಿಲ್ಲಿಸಿ ಒಂದೇ ತೂಕದಿಂದ ತಳ್ಳಿದೆ. ಒಣ ಮರಳಿನ ಹಲಗೆ ನಿಂತಿತು. ಹಸಿ ಮರಳಿನದು ಮೆಲ್ಲಗೆ ಮಲಗಿತು. ಮೂರು ಸಲ ಮಾಡಿದೆ, ಮೂರು ಸಲವೂ ಮಲಗಿತು. ನಾನು ಕಲಿಸಿದ ನಾನೂರಕ್ಕೂ ಹೆಚ್ಚು ಮಂದಿ ಕರಾವಳಿಯುದ್ದಕ್ಕೂ ಗೋಡೆ ಕಟ್ಟುತ್ತಿದ್ದಾರೆಂಬುದು ನೆನಪಾಗಿ, ರಾತ್ರಿಯೇ ಅವರ ಹೆಸರುಗಳ ಪಟ್ಟಿ ಬರೆಯಲು ಕೂತೆ.

ಬೆಳಿಗ್ಗೆ ವಿಭಾಗದ ಮುಖ್ಯಸ್ಥರಾದ ದಾಮೋದರ ಗಾಂವ್ಕರರ ಬಳಿ ಹೋದೆ. ಕೆಟ್ಟವರಲ್ಲ, ಪುಕ್ಕಲು ಸ್ವಭಾವ. “ಮುಂದಿನ ವರ್ಷದಿಂದ ಸರಿ ಮಾಡಿ ಹೇಳಿ, ಸಾಕು. ಹಳೇದನ್ನ ಕೆದಕಿದ್ರೆ ಜನ ನಮ್ಮ ಪದವೀನೇ ನಂಬೋದಿಲ್ಲ,” ಎಂದರು. ಒಪ್ಪಿಕೊಳ್ಳುವ ಆಸೆ ನನಗೂ ಆಯಿತು, ಸುಳ್ಳೇಕೆ ಹೇಳಲಿ. ಆದರೆ ಮಲಗಿದ ಹಲಗೆಯನ್ನು ನೋಡಿದ್ದವಳು ನಾನು.

ನೇರ ತರಗತಿಗೆ ಹೋಗಿ, “ನಾನು ಕಲಿಸಿದ್ದು ತಪ್ಪು. ಸಿದ್ದವ್ವ ಹೇಳಿದ್ದೇ ಸರಿ. ನಿನ್ನೆ ಅವಳನ್ನು ಕೂರಿಸಿದ್ದಕ್ಕೆ ಕ್ಷಮೆ ಕೇಳ್ತೇನೆ,” ಎಂದೆ. ಇನ್ನು ಇವರು ನನ್ನ ಒಂದು ಮಾತನ್ನೂ ನಂಬಲಾರರು ಎಂದುಕೊಂಡು ನಿಂತಿದ್ದೆ. ಸಿದ್ದವ್ವ ನಿಧಾನವಾಗಿ ಕೈಯೆತ್ತಿದಳು.

“ಹಂಗಾದ್ರ ಇನ್ನೊಂದು ಕೇಳ್ಲೇನ್ರೀ?”

ಎಲ್ಲರೂ ನಕ್ಕರು, ನಾನೂ ನಕ್ಕೆ. ಅಂದಿನ ಪಾಠ ಎರಡು ಗಂಟೆ ಹೆಚ್ಚು ನಡೆಯಿತು, ಹಸಿ ಮರಳಿಗೆ ಹೊಂದುವ ಹೊಸ ಲೆಕ್ಕವನ್ನು ಎಲ್ಲರೂ ಸೇರಿ ಮಾಡಿದೆವು.

ಆ ವಾರವೆಲ್ಲ ಹಳೆಯ ವಿದ್ಯಾರ್ಥಿಗಳಿಗೆ ಒಬ್ಬೊಬ್ಬರಿಗೇ ಕರೆ ಮಾಡಿದೆವು. ಸಿದ್ದವ್ವ ಪಕ್ಕದಲ್ಲಿ ಕೂತು ಹೊಸ ಲೆಕ್ಕ ಹೇಳುತ್ತಿದ್ದಳು. ಇಬ್ಬರು ಬೈದರು. ಮಿಕ್ಕವರು ಗೋಡೆಯ ಬುಡ ಅಗೆದು ನೋಡಿದರು. ಮೀನುಗಾರರ ಒಂದು ಕೇರಿಯ ಗೋಡೆ ಕಟ್ಟಿಸಿದ್ದ ಗಜಾನನ ಅಂಬಿಗ ನಾಲ್ಕನೆಯ ದಿನ ಮರಳಿ ಕರೆ ಮಾಡಿದ. “ಮೇಡಮ್, ಬುಡ ಒಂದಾಳು ಕಮ್ಮಿ ಉಂಟು. ಮಳೆ ಹಿಡಿಯೋದ್ರೊಳಗೆ ಇಳಿಸ್ತೆ. ಹೆದರ್ಬೇಡಿ.”

ಇಳಿಸಿದ. ಉಳಿದವರೂ ಇಳಿಸಿದರು, ಬೈದಿದ್ದ ಇಬ್ಬರೂ ಸೇರಿ. ಹಿಂದಿನ ವರ್ಷಗಳಲ್ಲಿ ಎರಡು ಮೂರು ದಿನಕ್ಕೇ ತಣ್ಣಗಾಗುತ್ತಿದ್ದ ಕಡಲು ಆ ವರ್ಷದ ಮಳೆಯಲ್ಲಿ ಹನ್ನೆರಡು ದಿನ ಗೋಡೆಗಳನ್ನು ಗುದ್ದಿತು. ಒಂದೂ ಬೀಳಲಿಲ್ಲ. ಹದಿಮೂರನೆಯ ದಿನ ಬಿಸಿಲು ಬಂದಾಗ ಗಜಾನನ ಒಂದು ಬುಟ್ಟಿ ಬಂಗುಡೆ ಮೀನು ಕಳಿಸಿದ. ಅದನ್ನು ತೊಳೆಯುತ್ತ ತೊಳೆಯುತ್ತ ಅತ್ತುಬಿಟ್ಟೆ, ಎದೆಯ ಮೇಲಿಂದ ಕಲ್ಲು ಇಳಿದ ಹಾಗಿತ್ತು.

ಅಲ್ಲಿಂದ ಮುಂದೆ ನನ್ನ ಪಾಠದ ರೀತಿಯೇ ಬೇರೆಯಾಯಿತು. ತಿಂಗಳಿಗೊಂದು ದಿನ ವಿದ್ಯಾರ್ಥಿಗಳು ನನ್ನ ಟಿಪ್ಪಣಿಗಳಲ್ಲಿ ತಪ್ಪು ಹುಡುಕಬೇಕು. ಪ್ರತಿ ಸೂತ್ರವನ್ನೂ ಒಮ್ಮೆ ಕೈಯಾರೆ ಮಾಡಿ ನೋಡಬೇಕು. ನನಗೆ ತಿಳಿಯದ್ದನ್ನು ತಿಳಿಯದು ಎಂದೇ ಹೇಳಿದೆ. ಇಪ್ಪತ್ಮೂರು ವರ್ಷದಲ್ಲಿ ನನ್ನ ಇನ್ನೂ ಒಂಬತ್ತು ತಪ್ಪುಗಳು ಸಿಕ್ಕವು. ಗಾಂವ್ಕರರೂ ಕಡೆಗೆ ತಮ್ಮ ಟಿಪ್ಪಣಿಯ ಕಟ್ಟನ್ನು ತಂದು ಹುಡುಗರ ಮುಂದಿಟ್ಟರು. ನಾಡಿದ್ದಿನಿಂದ ನನ್ನ ಪಾಠವನ್ನು ಸಿದ್ದವ್ವ ಹೇಳುತ್ತಾಳೆ.

ಈಗ ನಿಮ್ಮಲ್ಲಿ ಒಂದು ಕೇಳಿಕೆ. ಆಮೇಲೆ ಆ ಕೈಪಿಡಿಯ ಮೂಲವನ್ನು ಹುಡುಕಿಸಿದೆ. ಸೂತ್ರ ಬರೆದವರು ಒಣ ಮರಳಿನಲ್ಲಷ್ಟೇ ಪರೀಕ್ಷೆ ಮಾಡಿದ್ದರು. ಅವರಿಗದು ಗೊತ್ತಿತ್ತು, ಬರೆದಿಡಲಿಲ್ಲ ಅಷ್ಟೆ. ನಿಮ್ಮ ಉತ್ತರಗಳೆಲ್ಲ ನಮ್ಮವರೆಗೆ ಬಂದಿವೆ, ನಿಮ್ಮ ಅನುಮಾನಗಳು ಬಂದಿಲ್ಲ. ದಯವಿಟ್ಟು ಅವನ್ನೂ ಬರೆದಿಡಿ. ಎಲ್ಲಿ ಸಂದೇಹವಿತ್ತು, ಎಲ್ಲಿ ಎಡವಿದಿರಿ, ಯಾರು ತಿದ್ದಿದರು, ಅವರ ಹೆಸರೇನು. ಓದುವವರು ಇದ್ದಾರೆ. ನಾವು ಇನ್ನೂ ಇಲ್ಲಿದ್ದೇವೆ.