ಹಗೇವಿನೊಳಗಿನ ಉಸಿರು

ಲೇ ಸಿದ್ದರಾಮು,

ಸತ್ತವರನ್ನು ಬೈಯಬಾರದು ಅಂತಾರೆ. ನಾನು ಬೈಯೋಳೇ, ಅಕ್ಕ ಅಲ್ವಾ? ನೀನು ಹೋದಮೇಲೆ ಎರಡನೇ ದೀಪಾವಳಿಯೂ ಕಳೆಯಿತು, ನಿನ್ನ ಮೇಲಿನ ಸಿಟ್ಟು ಮಾತ್ರ ಇಳಿದಿಲ್ಲ ಕಣೋ. ಅಳುವಾಗಲೂ ಮೊದಲು ಸಿಟ್ಟು ಬರುತ್ತೆ, ಆಮೇಲೆ ಕಣ್ಣೀರು.

ಎಂಥಾ ಹುಚ್ಚು ನಿಂದು! ಶಿವನಸಮುದ್ರದ ಪವರ್ ಹೌಸಿನಲ್ಲಿ ಕೆಲಸ, ಕೈತುಂಬ ಸಂಬಳ, ತೆಪ್ಪಗೆ ಇರಬಹುದಿತ್ತು. ರಜಾ ಬಂತೆಂದರೆ ಕೆರೆ ಏರಿಯ ಮೇಲೆ ಬಿದ್ದ ಹಳೇ ಕಲ್ಲು ತೊಳೆಯೋದು, ಹಾಳು ಗುಡಿಯೊಳಗೆ ನುಗ್ಗಿ ಬಾವಲಿ ನೋಡೋದು, ಮುದುಕಿಯರ ಬೆನ್ನು ಬಿದ್ದು ಒಗಟು ಕೇಳೋದು. "ಇವನ್ಗೆ ಕಲ್ಲಿನ್ ಹೆಣ್ಣನ್ನೇ ತಂದು ಮದ್ವೆ ಮಾಡ್ಬೇಕು ಕಣಮ್ಮಿ" ಅಂತ ಅವ್ವ ನನ್ನ ಹತ್ತಿರ ಹೇಳಿಕೊಂಡು ನಗಾಡುತ್ತಿದ್ದಳು. ನೀನೂ ನಗುತ್ತಿದ್ದೆ, ನಾಚಿಕೆ ಬಿಟ್ಟವನು.

ಆ ದಿನವೂ ನಿನಗೆ ರಜಾ. ನಾನೂ ಮದ್ದೂರಿನಿಂದ ಬಂದಿದ್ದೆ. ನೀರಿನ ಪೈಪು ಹಾಕೋಕೆ ಜೆಸಿಬಿ ನಮ್ಮ ಮನೆ ಮುಂದೆ ಅಗೆಯುವಾಗ ಒಂದು ಚಪ್ಪಡಿ ಎದ್ದಿತು. ಕೆಳಗೆ ಹಗೇವು. ತಾತಂದಿರ ಕಾಲದಲ್ಲಿ ರಾಗಿ ತುಂಬಿ ಮುಚ್ಚಿಡುತ್ತಿದ್ದ ನೆಲದೊಳಗಿನ ಗುಂಡಿ, ಕತ್ತು ಸಣ್ಣ, ಹೊಟ್ಟೆ ದಪ್ಪ. ಅಲ್ಲೊಂದು ಇತ್ತು ಅನ್ನೋದೇ ಬೀದಿಯಲ್ಲಿ ಯಾರಿಗೂ ನೆನಪಿರಲಿಲ್ಲ. ತಳದಲ್ಲಿ ಇನ್ನೂ ರಾಗಿ! ನೀನು ಮೊಬೈಲ್ ಟಾರ್ಚು ಬಿಟ್ಟು ಬಗ್ಗಿ ನೋಡಿ ಕುಣಿದಾಡಿಬಿಟ್ಟೆ. "ಅಕ್ಕಾ, ಗೋಡೆ ತುಂಬ ಕೈ ಗುರ್ತು ಕಣಕ್ಕ! ಒಳ್ಗಡೆ ಸಾರಿಸ್ದೋರು ಸುಣ್ಣದಲ್ಲಿ ಕೈ ಒತ್ತವ್ರೆ!"

ಪೈಪಿನವರು "ಊಟ ಮಾಡ್ಕಂಡ್ ಬಂದು ಮುಚ್ಬುಡ್ತೀವಿ" ಅಂದರು. ಅಷ್ಟು ಸಾಕಾಯಿತು ನಿನಗೆ. ಎದುರು ಮನೆ ಬೋರಯ್ಯಮಾವ ಜಗಲಿಯಿಂದಲೇ ಕೂಗಿಕೊಂಡ: "ಲೇ, ಇಳೀಬ್ಯಾಡ ಕಣ್ಲಾ! ಕೆಟ್ಟ ಗಾಳಿ ಇರ್ತದೆ. ನಾಳೆಗಂಟ ಬಾಯಿ ತೆರ್ದು ಬುಡು." ನಾನೂ ಬೈದೆ. ನಿನಗೇನು ಗೊತ್ತಿರಲಿಲ್ಲವಾ? ಹಗೇವಿನ ಗಾಳಿಗೆ ಸತ್ತವರ ಕತೆಯನ್ನು ಊರಿಗೆಲ್ಲ ಹೇಳುತ್ತಿದ್ದವನೇ ನೀನು. "ಒಂದೇ ಒಂದು ಫೋಟೋ ಮಾವ, ಇಳ್ದು ಬತ್ತೀನಿ" ಅಂತ ಹಗ್ಗ ಹಿಡಿದೆ. ಇಳಿದೆ. ಬರಲಿಲ್ಲ.

ಮಳವಳ್ಳಿಯಿಂದ ಫೈರ್ ಇಂಜಿನ್ ಬಂದು ನಿನ್ನನ್ನು ಮೇಲೆತ್ತಿದಾಗ ಮೊಬೈಲು ನಿನ್ನ ಕೈಯಲ್ಲೇ ಇತ್ತು. ಫೋಟೋ ಚೆನ್ನಾಗೇ ಬಂದಿತ್ತು. ಸುಣ್ಣದ ಸಣ್ಣ ಕೈ ಗುರುತು, ಯಾರೋ ಹುಡುಗಿಯದು. ಅದನ್ನು ಇನ್ನೊಂದು ಸಲ ನೋಡೋಕೆ ನನ್ನ ಕೈಲಿ ಆಗಿಲ್ಲ.

ರಾಗಿಯನ್ನೆಲ್ಲ ತೋಡಿ ಕಾಲುವೆಗೆ ಸುರಿದರು. ಜೀವ ತಿಂದ ರಾಗಿಯನ್ನು ಯಾರು ತಿಂತಾರೆ? ಗುಂಡಿಗೂ ಮಣ್ಣು ತಳ್ಳಬೇಕು ಅನ್ನುವಾಗ ಅವ್ವ ಅಡ್ಡ ಬಂದು ಕೂತಳು. "ನನ್ ಮಗನ್ ಕೊನೇ ಉಸ್ರು ಒಳ್ಗೈತೆ. ಚಪ್ಪಡಿ ಎಳೀರಿ. ಆಚ್ಗೆ ಓಗ್ಬಾರ್ದು." ಚಪ್ಪಡಿ ಎಳೆಸಿ, ಸಂದಿಗೆಲ್ಲ ತಾನೇ ಮಣ್ಣು ಸಗಣಿ ಮೆತ್ತಿದಳು. ಅವತ್ತಿಂದ ಅವಳ ಜೀವನವೆಲ್ಲ ಆ ಚಪ್ಪಡಿ ಮೇಲೆ. ಅವರೆಕಾಯಿ ಬಿಡಿಸೋದು ಅಲ್ಲೇ, ತಲೆ ಬಾಚೋದು ಅಲ್ಲೇ, ನಿನ್ನ ಜೊತೆ ಮಾತಾಡೋದೂ ಅಲ್ಲೇ. ಮಣ್ಣು ಬಿರುಕು ಬಿಟ್ಟರೆ ಗಾಬರಿಯಾಗಿ ಮತ್ತೆ ಮೆತ್ತುವಳು. ಕಾಲು ಊದಿತು, ಊಟ ಸೇರದಾಯಿತು. ಮದ್ದೂರಿಗೆ ಬಾ ಅಂದರೆ "ಅವನೊಬ್ಬನ್ನೇ ಬುಟ್ಟು ಎಲ್ ಬರ್ಲಿ?" ಅನ್ನುವಳು. ನಿನ್ನ ಹಿಂದೆಯೇ ಅವಳೂ ಹೊರಟಳು ಅಂತ ನನಗೆ ದಿಗಿಲು ಹತ್ತಿತ್ತು ಕಣೋ.

ಹೋದ ವಾರ ಬೀದಿಗೆ ಕಾಂಕ್ರೀಟು ಹಾಕೋಕೆ ಬಂದರು. ಹಗೇವು ತುಂಬದೆ ರಸ್ತೆ ನಿಲ್ಲಲ್ಲ ಅಂದರು. ಅವ್ವ ಮೇಲೇಳಲಿಲ್ಲ. ಕೆಲವರು ಬೈದರು, ಕೆಲವರು ಕೈ ಮುಗಿದರು. ಸುದ್ದಿ ಕೇಳಿ ನಾನು ಬಸ್ಸು ಹತ್ತಿ ಓಡಿ ಬಂದೆ. ಸಮಾಧಾನ ಹೇಳೋಕೇ ಬಂದವಳು ನಾನು. ಅವಳನ್ನು ನೋಡಿ ಸಿಟ್ಟಿನಲ್ಲಿ ಬಾಯಿಗೆ ಬಂದದ್ದು ಅಂದುಬಿಟ್ಟೆ. "ಅವ್ವಾ, ಉಸ್ರಾಡಕ್ಕಾಗ್ದೆ ಸತ್ತ ಜಾಗ ಕಣವ್ವ ಇದು. ಅದ್ರೊಳ್ಗೇ ಕೂಡಾಕಿದ್ದೀಯಲ್ಲ ಅವನ್ನ!"

ಅವ್ವ ನನ್ನ ಮುಖವನ್ನೇ ನೋಡಿದಳು. ಆಮೇಲೆ ನೆಲಕ್ಕೆ ಕೈಯೂರಿ ಎದ್ದು, ಮೆತ್ತಿದ ಮಣ್ಣನ್ನು ಉಗುರಲ್ಲಿ ಕೆರೆಯತೊಡಗಿದಳು. ಗಂಡಸರು ಬಂದು ಚಪ್ಪಡಿ ಸರಿಸಿದರು. "ಇವತ್ ತುಂಬಬ್ಯಾಡಿ. ಗಾಳಿ ಆಡ್ಲಿ" ಅಂದಳು. ಕೆಲಸದವರು ಅವತ್ತಿಗೆ ಸಾಮಾನು ಕಟ್ಟಿದರು.

ಮಾರನೇ ಬೆಳಿಗ್ಗೆ ಮರಳಿನ ಟ್ರಾಕ್ಟರು ಬಂದಾಗ ಅವ್ವ ಹಗೇವಿನ ಬಾಯಿಗೆ ಬಗ್ಗಿದಳು. ಬಿದ್ದಾಳು ಅಂತ ನಾನು ಸೊಂಟ ಹಿಡಿದುಕೊಂಡೆ. ನಮ್ಮವ್ವ ಮನೆ ಬಿಟ್ಟು ಹೊರಡುವವರಿಗೆ ಯಾವತ್ತಾದರೂ ಬರೀ "ಹೋಗು" ಅಂದವಳಾ? ನಂಟರಿರಲಿ, ಭಿಕ್ಷೆಯವರಿರಲಿ, "ಓಗ್ಬುಟ್ ಬಾ" ಅಂತಲೇ ಅನ್ನುವಳು. ಆವತ್ತು ಅಂದಳು, "ಓಗು ಮಗ."

ಮರಳು ಸುರಿಯುವ ಸದ್ದಿಗೆ ನಾನು ಕಿವಿ ಮುಚ್ಚಿಕೊಂಡೆ. ಅವಳು ಮುಚ್ಚಿಕೊಳ್ಳಲಿಲ್ಲ.

ಈಗ ನನ್ನ ಮನೆಯಲ್ಲಿದ್ದಾಳೆ. ಅರ್ಧ ಮುದ್ದೆ ತಿಂತಾಳೆ. ಇಲ್ಲಿ ಚಳಿ ಶುರುವಾಗಿದೆ, ಸೊಳ್ಳೆ ಬೇರೆ. ಆದರೂ ಒಂದು ಬಾಗಿಲನ್ನೂ, ಒಂದು ಕಿಟಕಿಯನ್ನೂ ಮುಚ್ಚೋಕೆ ಬಿಡಲ್ಲ ಕಣೋ. ನಾವೆಲ್ಲ ಕಂಬಳಿ ಹೊದ್ದು ನಡುಗುತ್ತಾ ಮಲಗುತ್ತೇವೆ.

ಇರುವ ಕಡೆ ನಿನಗೆ ಬೇಕಾದಷ್ಟು ಗಾಳಿ ಸಿಗಲಿ, ತಮ್ಮಾ.

ನಿನ್ನ ಅಕ್ಕ,
ಪುಷ್ಪಾ