ಅಮಾಸೆಯ ನೀರು

ಜೈಲಿನಿಂದ, ೧೨ ಮಾರ್ಚ್ ೧೯೭೯

ಶನಿಯಾರಣ್ಣನಿಗೆ ತಮ್ಮ ಬೊಮ್ಮನ ನಮಸ್ಕಾರ.

ಬೆರಳಿನ ಗಾಯ ಒಣಗಿದೆ. ಹೋದ ವಾರ ನನಗೆ ಹದಿನಾರು ತುಂಬಿತು. ನನ್ನ ಬೀಸುಬಲೆಯನ್ನು ಬಿಸಿಲಿಗೆ ಬಿಡಬೇಡ, ಬೇಕಾದರೆ ನೀನೇ ಬೀಸು.

ಮೀನು ಸಾಹುಕಾರ ವೆಂಕಟ್ರಮಣನನ್ನು ಕೊಂದೆನೆಂದು ನಾನು ಒಪ್ಪಿಕೊಂಡ ಕಾಗದವನ್ನು ವಕೀಲರು ನಿನಗೆ ಓದಿ ಹೇಳಿದರಂತೆ. ನೀನು ಎಂತದೂ ಮಾತಾಡದೆ, ನನ್ನನ್ನೂ ನೋಡದೆ ನಮ್ಮೂರು ಮಾವಿನಕುರ್ವೆಗೆ ಹೋದೆಯಂತೆ. ಆಮೇಲೆ ಭೇಟಿಯ ದಿನ ಮೂರು ಸಲ ಬಂತು. ಯಾರೂ ಬರಲಿಲ್ಲ.

ಅಣ್ಣ, ಪೊಲೀಸರು ಮೂರು ದಿನ ಹೊಡೆದರು. ನಾಲ್ಕನೇ ದಿನ ಹೇಳಿದೆ: ಅಮಾಸೆ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಹೊಳೆಯಲ್ಲಿ ಮೊಣಕಾಲು ನೀರಿತ್ತು, ನಡೆದೇ ದಾಟಿ ಹೋಗಿ ಕೊಂದು ಬಂದೆ. ಪೊಲೀಸ್ ಸಾಹೇಬರು ಘಟ್ಟದ ಮೇಲಿನವರು, ಸಮುದ್ರದ ಉಬ್ಬರ ಇಳಿತ ತಿಳಿಯದವರು, ಹಾಗೆಯೇ ಬರೆದುಕೊಂಡರು. ನಮ್ಮೂರಿನವರು ಯಾರು ಕೇಳಿದರೂ ಸುಳ್ಳೆಂದು ಗೊತ್ತಾಗಲಿ ಎಂದೇ ಹಾಗೆ ಹೇಳಿದ್ದೆ.

ಅಮಾಸೆಯಲ್ಲಿ ಆ ಹೊತ್ತಿಗೆ ಉಬ್ಬರ ಏರಿ ಅಲ್ಲಿ ಆಳುದ್ದ ನೀರು. "ಅಮಾಸೆ ದಿನ ಗಂಜಿ ಉಂಡು ಏಳೂದ್ರೊಳಗೆ ಹೊಳೆ ತುಂಬ್ತದೆ, ಇಳೀಬೇಡ" ಎಂದು ನನಗೆ ಕಲಿಸಿದವನು ನೀನು.

ವಕೀಲರಿಗೆ ಇದನ್ನು ಹೇಳಿದೆ. ಊರಿನವರೊಬ್ಬರು ಬಂದು ಸಾಕ್ಷಿ ಹೇಳಬೇಕು ಎಂದರು. ಇಪ್ಪತ್ತಾರಕ್ಕೆ ಕೋರ್ಟು. ಬರುವಾಗ ಅಬ್ಬೆಯ ಹಳೆಯ ಸೀರೆಯೊಂದನ್ನು ತಾ, ಹೊದೆಯಲಿಕ್ಕೆ.

ಕಾಗದ ಓದುವಾಗ ಮೊಣಕಾಲು ನೀರಿನ ಆ ಸಾಲು ನಿನ್ನ ಕಿವಿಗೆ ಬೀಳಲಿಲ್ಲ ಎಂದುಕೊಂಡಿದ್ದೇನೆ. ನೀನು ಬರದಿದ್ದರೆ, ಕೇಳಿಯೂ ಸುಮ್ಮನಿದ್ದೆ ಎಂದು ತಿಳಿಯಬೇಕಾಗುತ್ತದೆ.

ನಿನ್ನ ತಮ್ಮ,
ಬೊಮ್ಮ